ಗುರಾಯಿಸಿದ್ದಕ್ಕೆ ಚಾಕು ತೆಗೆಯೋ ಹುಡುಗರಿಗೆ ಕ್ಲಾಸಲ್ಲಿ ಏನು ಹೇಳೋದು? (ದಾವಣಗೆರೆ)

ನಿಟ್ಟುವಳ್ಳಿ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಹೆಸರು ಬೇಡ. ಹುಡುಗರ ಹೊಡೆದಾಟ ಜಾಸ್ತಿ ಆಗಿದೆ ಅಂತ ನಮ್ಮಲ್ಲಿ ಒಂದು ಜಾಗೃತಿ ಕಾರ್ಯಕ್ರಮ ಇಟ್ಟುಕೊಳ್ಳೋಣ ಅಂದಿದ್ದಾರೆ. ಜವಾಬ್ದಾರಿ ನನ್ನ ತಲೆಗೆ ಬಂದಿದೆ. ಇಂಥ ಕಾರ್ಯಕ್ರಮ ಹೇಗಿರುತ್ತೆ ಅಂತ ನಿಮಗೂ ಗೊತ್ತು. ಪ್ರಾರ್ಥನೆ, ಸ್ವಾಗತ, ಗಿಡಕ್ಕೆ ನೀರು, ಶಾಲು, ಹಾರ, ಪೇಟ, ಅಷ್ಟರಲ್ಲಿ ಮುಕ್ಕಾಲು ಗಂಟೆ ಹೋಯ್ತು. ಆಮೇಲೆ ಸಾಹೇಬರು ಮೈಕ್ ಹಿಡಿದು ನೀವೇ ದೇಶದ ಭವಿಷ್ಯ ಅನ್ನುತ್ತಾರೆ. ಹಿಂದಿನ ಸಾಲಿನವರು ಬೆಂಚಿನ ಕೆಳಗೆ ಫೋನ್ ಇಟ್ಟುಕೊಂಡು ರೀಲ್ಸ್ ನೋಡುತ್ತಾರೆ. ವಂದನಾರ್ಪಣೆ, ಬಿಸ್ಕೆಟ್, ಟೀ. ಸಂಜೆ ಬೈಕ್ ಸ್ಟ್ಯಾಂಡಿನ ಹತ್ತಿರ ಮತ್ತೆ ಇಬ್ಬರು ಕಾಲರ್ ಹಿಡಿದುಕೊಂಡಿರುತ್ತಾರೆ.

ಜಗಳದ ಕಾರಣ ಕೇಳಿದರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. "ಗುರಾಯಿಸಿದ ಸಾರ್." "ನನ್ನ ಸ್ಟೇಟಸ್‌ಗೆ ನಗೋ ಎಮೋಜಿ ಹಾಕ್ದ." "ಗಣಪತಿ ಬಿಡೋವಾಗ ಡಿಜೆ ಮುಂದೆ ಕಾಲು ತುಳಿದ, ಸಾರಿನೂ ಕೇಳಲಿಲ್ಲ." ಇಷ್ಟೇ. ಆಸ್ತಿ ಇಲ್ಲ, ದುಡ್ಡಿಲ್ಲ. ಹುಡುಗರು ಕೆಟ್ಟವರೂ ಅಲ್ಲ, ಅದೇ ಹುಡುಗ ಮಾರನೇ ದಿನ ನನ್ನ ಪುಸ್ತಕದ ಗಂಟು ಹೊತ್ತುಕೊಂಡು ಬರುತ್ತಾನೆ. ಜೇಬಲ್ಲಿ ಚಾಕು ಇಟ್ಟುಕೊಂಡವನನ್ನು ಕೇಳಿದರೆ ಸೇಫ್ಟಿಗೆ ಅನ್ನುತ್ತಾನೆ. ಯಾರಿಂದ ಸೇಫ್ಟಿ ಅಂದರೆ, ಚಾಕು ಇಟ್ಟುಕೊಂಡಿರೋ ಇನ್ನೊಬ್ಬನಿಂದ.

ಭಾಷಣ ಬಿಟ್ಟು ಬೇರೆ ಏನು ಮಾಡಬಹುದು? ಯಾರಾದರೂ ಮಾಡಿ ನೋಡಿದ್ದರೆ ಹೇಳಿ. ಉಪದೇಶ ಬೇಡ, ಅದು ನನ್ನ ಹತ್ತಿರವೇ ಬೇಕಾದಷ್ಟಿದೆ.

ಪಿಬಿ ರೋಡ್ ರಾಜ:
ನಾಲ್ಕು ಬಾರಿಸಿ ಮೇಷ್ಟ್ರೇ. ನಮ್ಮ ಕಾಲದಲ್ಲಿ ಹುಣಸೆ ಬರಲು ಇತ್ತು, ಯಾವನೂ ಚಾಕು ಹಿಡಿದಿರಲಿಲ್ಲ. ಈಗ ಮೈ ಮುಟ್ಟಿದರೆ ಕೇಸು. ಮತ್ತೆ ಹೇಗೆ ಸರಿ ಹೋಗ್ತಾರೆ?

ಹರಿಹರದ ಹೆಡ್‌ಮಾಸ್ಟರ್ (ನಿವೃತ್ತ):
ರಾಜಣ್ಣ, ಬರಲು ಹಿಡಿದವರಲ್ಲಿ ನಾನೂ ಒಬ್ಬ. ಆಗ ಹೊಡೆದಾಟ ಇರಲಿಲ್ಲ ಅನ್ನೋದು ಸುಳ್ಳು. ಮಿಲ್ಲುಗಳು ನಡೆಯುತ್ತಿದ್ದ ಕಾಲದಲ್ಲಿ ಶಿಫ್ಟ್ ಬಿಟ್ಟ ಮೇಲೆ ಏರಿಯಾ ಏರಿಯಾಗೆ ಎಷ್ಟು ತಲೆ ಒಡೆದಿವೆ ಅಂತ ನಿಮ್ಮ ಅಪ್ಪನನ್ನ ಕೇಳಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯೋದನ್ನು ನಿಷೇಧಿಸಿದೆ, ಅದು ಇರಲಿ. ಕಾನೂನು ಬಿಟ್ಟೇ ಹೇಳುತ್ತೇನೆ. ಹೊಡೆತ ತಿಂದ ಹುಡುಗ ಒಂದನ್ನು ಮಾತ್ರ ಚೆನ್ನಾಗಿ ಕಲಿಯುತ್ತಾನೆ: ಕೈಯಲ್ಲಿ ಕೋಲಿದ್ದವನ ಮಾತು ನಡೆಯುತ್ತೆ. ಅವನು ಅದನ್ನು ಬೈಕ್ ಸ್ಟ್ಯಾಂಡಿನಲ್ಲಿ ಬಳಸುತ್ತಾನೆ.

ಬೆಣ್ಣೆದೋಸೆ ಬ್ರದರ್:
ಪೊಲೀಸ್ ಜೀಪ್ ಕಾಲೇಜ್ ಗೇಟ್ ಮುಂದೆ ನಿಲ್ಸಿ. ಮುಗೀತು.

ನಿಟ್ಟುವಳ್ಳಿ ಮೇಷ್ಟ್ರು:
ನಿಲ್ಲಿಸಿದ್ದರು. ಜಗಳ ಗೇಟಿಂದ ಎದ್ದು ಕುಂದವಾಡ ಕೆರೆ ಕಡೆ ಹೋಯಿತು.

ರಾತ್ರಿ ಪಾಳಿ ಸಿಸ್ಟರ್:
ನಾನು ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ನರ್ಸ್. ಹಬ್ಬದ ಸೀಸನ್ ಬಂತು ಅಂದರೆ ನಮಗೆ ಎದೆ ಡವಡವ. ದುಗ್ಗಮ್ಮನ ಜಾತ್ರೆ, ಗಣಪತಿ, ಹೊಸ ವರ್ಷದ ರಾತ್ರಿ. ನೋಡಿದ್ದನ್ನು ಹೇಳುತ್ತೇನೆ, ಮೇಷ್ಟ್ರಿಗೆ ಉಪಯೋಗ ಆಗಬಹುದು.

ಚಾಕು ಬಿದ್ದ ಹುಡುಗ ಬಂದಾಗ ನಮ್ಮ ಗಮನ ಗಾಯದ ಮೇಲಿರುತ್ತೆ. ನಿಜವಾದ ಅಪಾಯ ಬಾಗಿಲ ಹೊರಗೆ ನಿಂತಿರುತ್ತೆ. ಅವನ ಜೊತೆ ಬಂದ ಹುಡುಗರು ಏಳೆಂಟು ಜನ, ಶರ್ಟೆಲ್ಲ ರಕ್ತ, ಅದರಲ್ಲಿ ಒಬ್ಬ ಫೋನಲ್ಲಿ ಕಿರುಚುತ್ತಿರುತ್ತಾನೆ, "ಎಲ್ಲಿದಾನೆ ನೋಡ್ರೋ, ಇವತ್ತೇ ಮುಗಿಸ್ಬೇಕು" ಅಂತ. ಆ ಒಂದು ಗಂಟೆಯಲ್ಲಿ ಅವರ ಹತ್ತಿರ ಯಾರೂ ಹೋಗಲ್ಲ. ಸೆಕ್ಯೂರಿಟಿಯವನು ಹೊರಗೆ ಹೋಗ್ರಿ ಅಂತ ತಳ್ಳುತ್ತಾನೆ. ಪೊಲೀಸರು ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಾಗೋ ಗಾಯದ ವಿವರ, ಬರೆದುಕೊಳ್ಳುತ್ತಾರೆ. ಬೆಳಗಿನ ಜಾವ ಇನ್ನೊಂದು ಪಾರ್ಟಿಯ ಹುಡುಗ ಅದೇ ಸ್ಟ್ರೆಚರ್ ಮೇಲೆ ಬರುತ್ತಾನೆ. ಎರಡೂ ಕಡೆಯ ಅಮ್ಮಂದಿರು ಒಂದೇ ಬೆಂಚಿನ ಮೇಲೆ ಅಳುತ್ತಾ ಕೂತಿದ್ದನ್ನು ನೋಡಿದ್ದೇನೆ. ಯಾರು ಯಾರ ಕಡೆ ಅಂತ ಅವರಿಗೂ ಗೊತ್ತಿರಲಿಲ್ಲ.

ಇನ್ನೊಂದು. ತೊಡೆಗೆ ಹೊಡೆದರೆ ಏನೂ ಆಗಲ್ಲ ಅಂತ ಹುಡುಗರು ನಂಬಿದ್ದಾರೆ. ಸುಮ್ನೆ ಹೆದರಿಸೋಕೆ ತೊಡೆಗೆ ಹಾಕಿದೆ ಅನ್ನುತ್ತಾರೆ. ತೊಡೆಯಲ್ಲಿ ದೊಡ್ಡ ರಕ್ತನಾಳ ಇದೆ. ಅದು ಕುಯ್ದರೆ ಕೆಲವೇ ನಿಮಿಷ, ಆಂಬುಲೆನ್ಸ್ ಬರೋದಕ್ಕೂ ಕಾಯಲ್ಲ. ನಿಮ್ಮ ಹುಡುಗರಿಗೆ ಇದನ್ನಂತೂ ಹೇಳಿ.

ಪಿಬಿ ರೋಡ್ ರಾಜ:
ಸಿಸ್ಟರ್, ತೊಡೆ ವಿಷಯ ನನಗೂ ಗೊತ್ತಿರಲಿಲ್ಲ.

ವಿದ್ಯಾನಗರ ವಾಕರ್:
ಜೈಲು ತೋರಿಸಿ. ಒಂದು ಬಸ್ ಮಾಡಿ ಕರ್ಕೊಂಡು ಹೋಗಿ, ಒಳಗಿನ ಕೈದಿಗಳ ಬಾಯಲ್ಲೇ ಹೇಳಿಸಿ. ಹೆದರಿಕೊಂಡು ಬರ್ತಾರೆ. ಅಮೆರಿಕಾದಲ್ಲಿ ಹಾಗೆ ಮಾಡ್ತಾರಂತೆ.

ಕೋರ್ಟ್ ರಸ್ತೆ ವಕೀಲೆ:
ಮಾಡಿದ್ದು ನಿಜ, ಆದರೆ ಪೂರ್ತಿ ಕಥೆ ಕೇಳಿ ಸಾರ್. ನ್ಯೂಜೆರ್ಸಿಯ ರಾಹ್‌ವೇ ಜೈಲಿನಲ್ಲಿ 1970ರ ದಶಕದಲ್ಲಿ ಶುರುವಾಯಿತು. ಜೀವಾವಧಿ ಕೈದಿಗಳು ಹುಡುಗರ ಮುಖಕ್ಕೆ ಮುಖ ಕೊಟ್ಟು ಬೈದು ಹೆದರಿಸುತ್ತಿದ್ದರು. ಟಿವಿಯಲ್ಲಿ ಬಂದು ಭಾರಿ ಹೆಸರಾಯಿತು, ಬೇರೆ ರಾಜ್ಯದವರೂ ಶುರು ಮಾಡಿದರು. ಆಮೇಲೆ ಸಂಶೋಧಕರು ಹೋಗಿಬಂದ ಹುಡುಗರನ್ನೂ ಹೋಗದವರನ್ನೂ ಹೋಲಿಸಿ ನೋಡಿದರೆ, ಹೋಗಿಬಂದವರೇ ಮುಂದೆ ಜಾಸ್ತಿ ಅಪರಾಧ ಮಾಡಿದ್ದರು. ಒಂದೆರಡು ಅಧ್ಯಯನ ಅಲ್ಲ, ಹಲವನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಅದೇ ಬಂತು. ಏನೂ ಮಾಡದೆ ಬಿಟ್ಟಿದ್ದರೆ ವಾಸಿ ಇತ್ತು ಅನ್ನೋ ಮಟ್ಟಕ್ಕೆ.

ಯಾಕೆ ಅಂತ ನನಗನಿಸೋದು ಇಷ್ಟು. ನಮ್ಮ ಹುಡುಗರಿಗೆ ಜೈಲಿಗೆ ಹೋಗಿಬಂದವನು ಹೆದರಿಕೆ ಅಲ್ಲ, ಹೀರೋ. ಬಿಡುಗಡೆ ದಿನ ಬೈಕ್ ರ‍್ಯಾಲಿ ಮಾಡಿ, ಪಟಾಕಿ ಹೊಡೆದು, ಸ್ಟೇಟಸ್ ಹಾಕೋ ಊರಿನಲ್ಲಿ ಜೈಲು ತೋರಿಸಿ ಏನು ಪ್ರಯೋಜನ?

ಕೋಟೆನಾಡು ಕೋಚ್:
ಚಿತ್ರದುರ್ಗದಿಂದ. ಕಬಡ್ಡಿ ಹೇಳಿಕೊಡುತ್ತೇನೆ. ಮೇಷ್ಟ್ರೇ, ನಾನು ಮಾಡಿ ನೋಡಿದ್ದು ಒಂದಿದೆ. ನನ್ನ ಐಡಿಯಾ ಅಲ್ಲ, ಷಿಕಾಗೋದಲ್ಲಿ ಬಿಕಮಿಂಗ್ ಎ ಮ್ಯಾನ್ ಅಂತ ಹೈಸ್ಕೂಲ್ ಹುಡುಗರಿಗೆ ವಾರಕ್ಕೊಂದು ಕ್ಲಾಸ್ ನಡೆಯುತ್ತೆ, ಅದರಿಂದ ಎತ್ತಿದ್ದು.

ಹುಡುಗರನ್ನ ಇಬ್ಬಿಬ್ಬರು ಜೋಡಿ ಮಾಡಿದೆ. ಒಬ್ಬನ ಕೈಗೆ ಟೆನಿಸ್ ಬಾಲ್ ಕೊಟ್ಟೆ. ಇನ್ನೊಬ್ಬನಿಗೆ, "ಅವನ ಕೈಯಿಂದ ಬಾಲ್ ತಗೋ, 30 ಸೆಕೆಂಡ್ ಟೈಮು" ಅಂದೆ. ಸೀಟಿ ಊದಿದ್ದೇ ತಡ, ಮಣ್ಣಲ್ಲಿ ಉರುಳಾಟ. ಒಬ್ಬ ಬೆರಳು ತಿರುಚುತ್ತಾನೆ, ಒಬ್ಬ ಕಂಕುಳಲ್ಲಿ ಕಚಗುಳಿ ಇಡುತ್ತಾನೆ, ಒಬ್ಬನ ಶರ್ಟ್ ಗುಂಡಿ ಎರಡು ಹಾರಿ ಹೋದವು. ಸೀಟಿ ಊದಿ ನಿಲ್ಲಿಸಿ ಕೇಳಿದೆ, "ಯಾರಾದ್ರೂ ಬಾಲ್ ಕೊಡ್ತೀಯಾ ಅಂತ ಕೇಳಿದ್ರಾ?" ಯಾರೂ ಮಾತಿಲ್ಲ. ಬಾಲ್ ಹಿಡಿದಿದ್ದವನನ್ನ ಕೇಳಿದೆ, "ಕೇಳಿದ್ರೆ ಕೊಡ್ತಿದ್ಯೇನೋ?" "ಕೊಡ್ತಿದ್ದೆ ಸಾರ್, ಈ ಬಾಲ್ ತಗೊಂಡು ನಾನೇನು ಮಾಡ್ಲಿ?" ಎಲ್ಲ ನಕ್ಕರು. ಆಗ ಹಿಂದೆ ನಿಂತಿದ್ದ ಒಬ್ಬ, ಯಾವತ್ತೂ ಬಾಯಿ ಬಿಡದವನು, ಹೇಳಿದ: "ಕೇಳೋದು ಅಂದ್ರೆ ಸೋತಂಗೆ ಅಲ್ವಾ ಸಾರ್."

ಅವತ್ತು ಪ್ರಾಕ್ಟೀಸ್ ಆಗಲಿಲ್ಲ. ಕತ್ತಲಾಗೋವರೆಗೆ ಇದೇ ಮಾತು. ಯಾರ ಮುಂದೆ ಸೋತಂಗೆ, ನೋಡೋರು ಇಲ್ಲದಿದ್ದರೂ ಹಾಗೇ ಅನಿಸುತ್ತಾ, ಮನೆಯಲ್ಲಿ ಅಪ್ಪ ಯಾವತ್ತಾದರೂ ಏನಾದರೂ ಕೇಳಿ ತಗೊಂಡಿದ್ದು ನೋಡಿದ್ದೀರಾ. ನಾನು ಮಾತಾಡಿದ್ದು ಕಡಿಮೆ.

ಆ ಷಿಕಾಗೋ ಕ್ಲಾಸನ್ನು ಅಲ್ಲಿನ ವಿಶ್ವವಿದ್ಯಾಲಯದವರು, ಯಾವ ಹುಡುಗರಿಗೆ ಕ್ಲಾಸ್ ಅಂತ ಲಾಟರಿ ಎತ್ತಿ, ಸಿಗದವರ ಜೊತೆ ಹೋಲಿಸಿ ಪರೀಕ್ಷೆ ಮಾಡಿದ್ದಾರೆ. ಕ್ಲಾಸಿಗೆ ಬಂದ ಹುಡುಗರಲ್ಲಿ ಹಿಂಸೆಯ ಕೇಸಿನಲ್ಲಿ ಅರೆಸ್ಟ್ ಆಗೋದು ಶೇ 45ರಿಂದ 50ರಷ್ಟು ಇಳಿದಿತ್ತು. ಆದರೆ ಕ್ಲಾಸ್ ನಿಂತ ಮೇಲೆ ಆ ಲಾಭ ಹಾಗೇ ಉಳಿಯಲಿಲ್ಲ. ಅದಕ್ಕೇ ಹೇಳೋದು, ಒಂದು ದಿನದ ಕಾರ್ಯಕ್ರಮ ಅಂದರೆ ಫೋಟೋಗೆ ಮಾತ್ರ.

ನಿಟ್ಟುವಳ್ಳಿ ಮೇಷ್ಟ್ರು:
ಕೋಚ್ ಸಾರ್, ಕೇಳಿದ್ರೆ ಸೋತಂಗೆ. ನನ್ನ ಕ್ಲಾಸಿನ ಅರ್ಧ ಜಗಳಕ್ಕೆ ಕಾರಣ ಈ ಒಂದು ಮಾತಲ್ಲಿದೆ.

ಕೊಂಡಜ್ಜಿ ಕಡೆಯವ್ನು:
ಎಲ್ಲ ಸರಿ, ಈ ಗಲಾಟೆ ಮಾಡೋರು ಯಾವ ಏರಿಯಾದವರು, ಯಾವ ಜನ ಅಂತ ಎಲ್ಲರಿಗೂ ಗೊತ್ತು. ಅದನ್ನ ಹೇಳೋಕೆ ಯಾಕೆ ಹೆದರ್ತೀರಿ

ವೇದಿಕೆ ನಿರ್ವಾಹಕರು:
ಮೇಲಿನ ಕಾಮೆಂಟಿನ ಉಳಿದ ಭಾಗ ತೆಗೆದಿದ್ದೇವೆ. ಅದಕ್ಕೆ ಬಂದ ಉತ್ತರಗಳನ್ನೂ ತೆಗೆದಿದ್ದೇವೆ. ಜಾತಿ, ಧರ್ಮ ಹಿಡಿದು ಬೈಯುವವರಿಗೆ ಇಲ್ಲಿ ಜಾಗ ಇಲ್ಲ.

ರಾತ್ರಿ ಪಾಳಿ ಸಿಸ್ಟರ್:
ಕೊಂಡಜ್ಜಿಯವರೇ, ಹೊಲಿಗೆ ಹಾಕೋವಾಗ ನಾನು ಹೆಸರು ನೋಡಿದ್ದೇನೆ. ಎಲ್ಲ ತರದ ಹೆಸರೂ ಇವೆ. ಹೊಡೆದವನು, ಹೊಡೆಸಿಕೊಂಡವನು ಬಹಳ ಸಲ ಒಂದೇ ಬೀದಿಯವರು, ಒಂದೇ ಜನ, ಹಿಂದಿನ ವಾರದವರೆಗೂ ದೋಸ್ತಿಗಳು.

ಮೂರನೇ ಬೆಂಚ್:
ನಾನು ಡಿಪ್ಲೊಮಾ ಮಾಡ್ತಿದ್ದೀನಿ, 19 ವರ್ಷ. ಇಲ್ಲಿ ಎಲ್ಲ ದೊಡ್ಡೋರೇ ಮಾತಾಡ್ತಿದ್ದೀರ, ನಮ್ಮ ಕಡೆಯಿಂದ ಹೇಳ್ತೀನಿ, ಬೈಬೇಡಿ.

ಜಗಳ ಮಾಡೋ ಇಬ್ಬರಿಗೂ ಜಗಳ ಬೇಡವಾಗಿರುತ್ತೆ. ನಿಜ. ಕಾಲರ್ ಹಿಡ್ಕೊಂಡಾಗ ಒಳಗೊಳಗೆ ಯಾರಾದ್ರೂ ಬಂದು ಬಿಡಿಸ್ಲಪ್ಪಾ ಅಂತ ಕಾಯ್ತಿರ್ತೀವಿ. ಯಾರಾದ್ರೂ ಹಿಡ್ಕೊಂಡ್ರೆ "ಬಿಡ್ರೋ ನನ್ನ, ಇವತ್ತು ಅವನ್ನ ಬಿಡಲ್ಲ" ಅಂತ ಕಿರುಚಬಹುದು, ಮರ್ಯಾದೆ ಉಳಿಯುತ್ತೆ, ಮನೆಗೆ ಹೋಗಬಹುದು. ಮೊದಲು ಹಾಗೇ ಆಗ್ತಿತ್ತು. ಈಗ ಯಾರೂ ಹಿಡಿಯಲ್ಲ. ಎಲ್ಲರೂ ಫೋನ್ ತೆಗೆದು ವಿಡಿಯೋ ಮಾಡ್ತಾರೆ, "ಹಾಕೋ ಹಾಕೋ" ಅಂತಾರೆ. ಕ್ಯಾಮೆರಾ ಮುಂದೆ ಹಿಂದೆ ಸರಿಯೋಕಾಗಲ್ಲ, ಆ ವಿಡಿಯೋ ಸಾಯೋವರೆಗೂ ಗ್ರೂಪಲ್ಲಿ ಓಡಾಡುತ್ತೆ. ಹೊಡೆಸ್ಕೊಂಡವನು ಆ ವಿಡಿಯೋಗೇ ಮಾರನೇ ದಿನ ಹುಡುಗರನ್ನ ಕರ್ಕೊಂಡು ಬರೋದು, ಏಟಿಗಲ್ಲ.

ಮತ್ತೆ ಚಾಕು. ಅದನ್ನ ತಗೊಳ್ಳೋದು ತೋರಿಸೋಕೆ. ತೆಗೆದ ಮೇಲೆ ವಾಪಸ್ ಜೇಬಿಗೆ ಇಟ್ಕೊಂಡ್ರೆ ನಗ್ತಾರೆ ಅನ್ನೋದೇ ಪ್ರಾಬ್ಲಮ್ಮು.

ಹರಿಹರದ ಹೆಡ್‌ಮಾಸ್ಟರ್ (ನಿವೃತ್ತ):
ತಮ್ಮಾ, ನಿನ್ನ ಈ ಮಾತು ಯಾವ ತರಬೇತಿಯಲ್ಲೂ ನಮಗೆ ಯಾರೂ ಹೇಳಿರಲಿಲ್ಲ.

ನೀಲಿ ಸ್ಕೂಟಿ:
ಒಂದು ಪ್ರಶ್ನೆ. ಚಿತ್ರದುರ್ಗದಲ್ಲಿ ಮಹಿಳಾ ಪೊಲೀಸರ ಓಬವ್ವ ಪಡೆ ಮಾಡಿದ್ರು. ಹಾಸ್ಟೆಲ್ ಹುಡುಗಿಯರಿಗೆ ಕರಾಟೆ ಕಲಿಸ್ತಾರೆ. ಒಳ್ಳೇದೇ. ಆದರೆ ಹುಡುಗಿ ಬೇಡ ಅಂದಾಗ ಸುಮ್ನೆ ಹೋಗಬೇಕು ಅಂತ ಹುಡುಗರಿಗೆ ಕಲಿಸೋಕೆ ಯಾವ ಪಡೆ ಇದೆ? ನಮ್ಮ ಕ್ಲಾಸಲ್ಲಿ ಇಬ್ಬರು ಹೊಡೆದಾಡಿಕೊಂಡಿದ್ದು ನನ್ನ ಫ್ರೆಂಡ್ ವಿಷಯಕ್ಕೆ. ಅವಳು ಇಬ್ಬರ ಹತ್ತಿರವೂ ಮಾತಾಡಿರಲಿಲ್ಲ! ಕೊನೆಗೆ ಕಾಲೇಜ್ ಬಿಟ್ಟಿದ್ದು ಯಾರು ಹೇಳಿ? ಅವಳು. ಮನೆಯವರು ಬಿಡಿಸಿದರು.

ಕೋಟೆನಾಡು ಕೋಚ್:
ನಿಜ ತಂಗಿ. ಮುಂಬೈಯಲ್ಲಿ ಪರಿವರ್ತನ್ ಅಂತ ಮಾಡಿದ್ದರು, ಶಾಲೆಯ ಕ್ರಿಕೆಟ್ ಕೋಚ್‌ಗಳಿಗೇ ತರಬೇತಿ ಕೊಟ್ಟು, ಪ್ರಾಕ್ಟೀಸ್ ಮುಗಿದ ಮೇಲೆ ಹುಡುಗರ ಹತ್ತಿರ ಹೆಣ್ಣುಮಕ್ಕಳ ಬಗ್ಗೆ, ಮರ್ಯಾದೆ ಬಗ್ಗೆ ಮಾತಾಡಿಸಿದ್ದು. ಮೇಷ್ಟ್ರು ಹೇಳಿದರೆ ಪಾಠ, ಕೋಚ್ ಹೇಳಿದರೆ ಗುಟ್ಟು ಅಂತ ಹುಡುಗರ ಲೆಕ್ಕ. ನಮ್ಮ ಮೈದಾನದಲ್ಲಿ ಒಂದು ರೂಲ್ ಇದೆ: ಹುಡುಗಿ ಹೆಸರು ಹಿಡಿದು ರೇಗಿಸಿದರೆ ಆ ದಿನ ಅವನು ಮ್ಯಾಟ್ ಮೇಲೆ ಇಳಿಯೋ ಹಾಗಿಲ್ಲ. ರೇಗಿಸಿಕೊಂಡವನಿಗಲ್ಲ, ರೇಗಿಸಿದವನಿಗೆ ಶಿಕ್ಷೆ. ಅದೇ ಮುಖ್ಯ.

ಕೆಟಿಜೆ ನಗರದ ಅಮ್ಮ:
ನಾನು ಟೈಲರಿಂಗ್ ಮಾಡ್ತೀನಿ, ಒಬ್ಬ ಮಗ. ಇಲ್ಲಿ ಎಲ್ಲರೂ ಶಾಲೆ, ಪೊಲೀಸು ಅಂತಿದ್ದೀರಿ, ಮನೆ ವಿಷಯ ಯಾರೂ ಎತ್ತಲಿಲ್ಲ. ಮಗ ಏಟು ತಿಂದು ಅಳುತ್ತಾ ಬಂದರೆ ಅವನ ಅಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲ ಒಂದೇ ಮಾತು: "ಹೊಡೆಸ್ಕೊಂಡು ಬಂದ್ಯಾ, ಬಳೆ ತೊಟ್ಕೋ ಹೋಗು." ಹೊಡೆದು ಬಂದರೆ ಬೈತಾರೆ, ಆದ್ರೆ ಬೈಯೋವಾಗ ಮೀಸೆ ಕೆಳಗೆ ನಗು ಇರುತ್ತೆ. ಮಗು ಆ ನಗು ನೋಡುತ್ತೆ. ಬಳೆ ತೊಟ್ಟಿರೋ ಕೈಯಲ್ಲೇ ನಾನು ಅವರೆಲ್ಲರ ಬಟ್ಟೆ ಹೊಲೀತೀನಿ, ಇರಲಿ ಬಿಡಿ. ಮೇಷ್ಟ್ರೇ, ಪೋಷಕರ ಸಭೆಗೆ ಬರೋದು ಅಮ್ಮಂದಿರು ಮಾತ್ರ. ಅಪ್ಪಂದಿರನ್ನ ಕರೆಸಿ.

ನಿಟ್ಟುವಳ್ಳಿ ಮೇಷ್ಟ್ರು:
ಅಮ್ಮಾ, ಅಪ್ಪಂದಿರು ಬರೋದು ಮಗನ ಮೇಲೆ ಕೇಸ್ ಆದ ಮೇಲೆ, ಅದೂ ಯಾರಾದರೂ ಲೀಡರ್ ಜೊತೆ. ಆದರೂ ಪ್ರಯತ್ನ ಮಾಡುತ್ತೇನೆ, ಸಂಜೆ 7ರ ಮೇಲೆ ಸಭೆ ಇಟ್ಟರೆ ಬರಬಹುದೇನೋ.

ವಕೀಲೆಯವರೇ, ಕಾನೂನಿನ ವಿಷಯ ಹುಡುಗರಿಗೆ ಯಾವುದನ್ನು ಹೇಳಬೇಕು? ಎಲ್ಲ ಸೆಕ್ಷನ್ ಹೇಳಿದರೆ ನಿದ್ದೆ ಮಾಡ್ತಾರೆ.

ಕೋರ್ಟ್ ರಸ್ತೆ ವಕೀಲೆ:
ಒಂದನ್ನು ಹೇಳಿ ಸಾಕು. ನಮ್ಮ ಆಫೀಸಿಗೆ ಬರುವ ಹತ್ತು ಹುಡುಗರಲ್ಲಿ ಹೆಚ್ಚಿನವರು ಹೇಳುವ ಮಾತು, "ನಾನು ಏನೂ ಮಾಡಿಲ್ಲ ಮೇಡಂ, ಸುಮ್ನೆ ಜೊತೆಗೆ ಹೋಗಿದ್ದೆ." ಅದು ಕಾನೂನಿನಲ್ಲಿ ನಡೆಯಲ್ಲ. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 189 ಮತ್ತು 190ನೇ ಸೆಕ್ಷನ್ ಪ್ರಕಾರ ಐದು ಅಥವಾ ಹೆಚ್ಚು ಜನ ಒಂದೇ ಉದ್ದೇಶಕ್ಕೆ ಗುಂಪು ಕಟ್ಟಿಕೊಂಡು ಹೋಗಿ, ಅದರಲ್ಲಿ ಒಬ್ಬ ಚಾಕು ಹಾಕಿದರೆ, ಆ ಗುಂಪಿನ ಎಲ್ಲರೂ ಆ ಅಪರಾಧಕ್ಕೆ ಹೊಣೆ ಆಗಬಹುದು. ಹಳೆಯ ಐಪಿಸಿಯ 149 ಅಂತ ಕೇಳಿರುತ್ತೀರಿ, ಅದೇ. ಬೈಕ್ ಓಡಿಸಿದವನು, ಆ ಕಡೆ ನಿಂತು ಯಾರು ಬರ್ತಾರೆ ನೋಡುತ್ತಿದ್ದವನು, ಎಲ್ಲರೂ.

ಇನ್ನು ಹದಿನೆಂಟು ತುಂಬಿಲ್ಲ, ಏನೂ ಆಗಲ್ಲ ಅನ್ನೋ ಧೈರ್ಯ. ಅದನ್ನ ದೊಡ್ಡವರೇ ತುಂಬುತ್ತಾರೆ, "ನೀನು ಮೈನರು, ನಿನ್ನ ಹೆಸರಲ್ಲಿ ಹೋಗಲಿ" ಅಂತ. 2015ರ ಬಾಲನ್ಯಾಯ ಕಾಯ್ದೆಯಲ್ಲಿ, 16 ತುಂಬಿದವನು ಕೊಲೆಯಂಥ ಘೋರ ಅಪರಾಧ ಮಾಡಿದರೆ, ಬಾಲನ್ಯಾಯ ಮಂಡಳಿ ಅವನ ಮಾನಸಿಕ, ದೈಹಿಕ ಸಾಮರ್ಥ್ಯ ನೋಡಿ, ದೊಡ್ಡವರ ಹಾಗೆ ವಿಚಾರಣೆ ಆಗಲಿ ಅಂತ ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು.

ಆದರೆ ಅದೇ ಕಾಯ್ದೆಯ ಇನ್ನೊಂದು ಮುಖವನ್ನೂ ಹೇಳಿ. ಸಣ್ಣ ತಪ್ಪು ಮಾಡಿದ ಮಗುವಿಗೆ ಆ ಕಳಂಕ ಜೀವನಪೂರ್ತಿ ಅಂಟಿಕೊಳ್ಳಬಾರದು ಅಂತ 24ನೇ ಸೆಕ್ಷನ್ ಇದೆ. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಅಂತ ಒಬ್ಬರು ಇರಬೇಕು, ಮಕ್ಕಳ ವಿಷಯ ಅವರೇ ನೋಡಬೇಕು. ಒಂದು ಸಲ ಠಾಣೆ ಮೆಟ್ಟಿಲು ಹತ್ತಿದ ಹುಡುಗ ಇನ್ನು ನನ್ನ ಕಥೆ ಮುಗೀತು ಅಂದುಕೊಂಡರೆ ನಿಜವಾಗಿ ಕೈ ತಪ್ಪುತ್ತಾನೆ. ಹಿಂದಿರುಗೋಕೆ ದಾರಿ ಇದೆ ಅಂತ ಅವನಿಗೆ ಗೊತ್ತಿರಬೇಕು.

ಬೆಣ್ಣೆದೋಸೆ ಬ್ರದರ್:
ಜೊತೆಗೆ ಹೋಗಿದ್ದೆ ಕೇಸು ನಮ್ಮ ಬೀದಿಯಲ್ಲೇ ಒಂದಿದೆ. ಕೆಲಸದ ಪೊಲೀಸ್ ವೆರಿಫಿಕೇಷನ್‌ನಲ್ಲಿ ಸಿಕ್ಕಿಕೊಂಡ. ಹುಡುಗ ಬಂಗಾರ.

ಗ್ಲಾಸ್ಗೋ ಕನ್ನಡಿಗ:
ಹುಟ್ಟೂರು ದಾವಣಗೆರೆ, ಈಗ ಸ್ಕಾಟ್ಲೆಂಡ್. ನಾನಿರೋ ಊರಿಗೆ ಒಂದು ಕಾಲದಲ್ಲಿ ಯುರೋಪಿನ ಕೊಲೆಗಳ ರಾಜಧಾನಿ ಅಂತಲೇ ಹೆಸರಿತ್ತು. ಇಲ್ಲಿನ ಜಗಳವೂ ನಿಮ್ಮದೇ ತರ, ಈ ಬಡಾವಣೆಯವನು ಆ ಬಡಾವಣೆಗೆ ಕಾಲಿಟ್ಟ ಅಂತ. 2005ರಲ್ಲಿ ಪೊಲೀಸರೇ ಒಂದು ಹಿಂಸೆ ತಗ್ಗಿಸುವ ಘಟಕ ಶುರು ಮಾಡಿದರು. ಬರೀ ಹಿಡಿದು ಒಳಗೆ ಹಾಕಿದರೆ ಆಗಲ್ಲ, ಇದು ಸಾಂಕ್ರಾಮಿಕ ರೋಗದ ಹಾಗೆ ಒಬ್ಬರಿಂದ ಒಬ್ಬರಿಗೆ ಹರಡುತ್ತೆ, ಹಾಗೇ ನಿಲ್ಲಿಸಬೇಕು ಅಂತ. 2008ರಲ್ಲಿ ಗುಂಪುಗಳ ಹುಡುಗರನ್ನ ಕೋರ್ಟ್ ಹಾಲಿಗೇ ಕರೆಸಿದರು. ಪೊಲೀಸ್ ಅಧಿಕಾರಿ ಮಾತಾಡಿದ, ಆಮೇಲೆ ಸರ್ಜನ್, ಆಮೇಲೆ ಒಬ್ಬ ತಾಯಿ. ಕೊನೆಗೆ ಒಂದು ಫೋನ್ ನಂಬರ್ ಕೊಟ್ಟರು, ಬಿಡಬೇಕು ಅನಿಸಿದರೆ ಕರೆ ಮಾಡಿ, ಓದು, ಕೆಲಸ, ಕುಡಿತ ಬಿಡಿಸೋದು ನಾವು ನೋಡ್ತೀವಿ ಅಂತ. ವಕೀಲೆ ಹೇಳಿದ ರಾಹ್‌ವೇಗೂ ಇದಕ್ಕೂ ವ್ಯತ್ಯಾಸ ಆ ನಂಬರ್. ಹೆದರಿಸಿ ಕೈ ಬಿಡಲಿಲ್ಲ.

ಇಲ್ಲಿನ ಡಾಕ್ಟರುಗಳು ಸಂಘ ಕಟ್ಟಿಕೊಂಡು ಶಾಲೆಗಳಿಗೆ ಹೋಗಿ ಮಾತಾಡ್ತಾರೆ. ಸಿಸ್ಟರ್, ನೀವು ಬರೆದಿದ್ದನ್ನ ನೋಡಿ ಅದು ನೆನಪಾಯ್ತು. ಷಿಕಾಗೋದಲ್ಲೂ ಗ್ಯಾರಿ ಸ್ಲಟ್ಕಿನ್ ಅನ್ನೋ ಡಾಕ್ಟರ್, ಆಫ್ರಿಕಾದಲ್ಲಿ ಸಾಂಕ್ರಾಮಿಕ ರೋಗಗಳ ಕೆಲಸ ಮಾಡಿ ಬಂದವರು, 2000ದಲ್ಲಿ ಇಂಥದ್ದೇ ಶುರು ಮಾಡಿದರು. ಅದೇ ಬೀದಿಯಲ್ಲಿ ಬೆಳೆದು, ಹಳೇ ದಾರಿ ಬಿಟ್ಟವರನ್ನ ಕೆಲಸಕ್ಕೆ ಇಟ್ಟುಕೊಂಡು, ಸೇಡಿನ ಮಾತು ಎದ್ದ ತಕ್ಷಣ ಅಲ್ಲಿಗೆ ಕಳಿಸೋದು. ನೀವು ಹೇಳಿದ ಬಾಗಿಲ ಹೊರಗಿನ ಏಳೆಂಟು ಜನರ ಹತ್ತಿರ ಹೋಗೋದು ಇವರೇ.

ವಿದ್ಯಾನಗರ ವಾಕರ್:
ಗ್ಲಾಸ್ಗೋ, ಷಿಕಾಗೋ ಸರಿ ಸ್ವಾಮಿ. ಅಲ್ಲಿ ಸರ್ಕಾರದ ದುಡ್ಡಿದೆ. ಇಲ್ಲಿ ಮೇಷ್ಟ್ರಿಗೆ ಒಂದು ಪೀರಿಯಡ್ ಕೊಡೋದೇ ಕಷ್ಟ.

ನಿಟ್ಟುವಳ್ಳಿ ಮೇಷ್ಟ್ರು:
ವಾಕರ್ ಸಾರ್ ಹೇಳಿದ್ದು ಸರಿ. ಆದರೆ ದುಡ್ಡು ಬೇಡದ್ದು ಒಂದು ಇಲ್ಲೇ ಸಿಕ್ಕಿತು, ಮೂರನೇ ಬೆಂಚ್ ಹುಡುಗ ಹೇಳಿದ್ದು. ನಾವೆಲ್ಲ ಹೊಡೆಯೋ ಇಬ್ಬರಿಗೆ ಬುದ್ಧಿ ಹೇಳೋಕೆ ಹೋಗ್ತೀವಿ. ಆ ಹೊತ್ತಲ್ಲಿ ಅವರ ತಲೆಗೆ ಏನೂ ಹೋಗಲ್ಲ. ಸುತ್ತ ನಿಂತ ಇಪ್ಪತ್ತು ಜನ ಇದ್ದಾರಲ್ಲ, ಅವರ ತಲೆ ತಣ್ಣಗಿರುತ್ತೆ. ಬಿಡಿಸೋದನ್ನ ಅವರಿಗೆ ಕಲಿಸಿದರೆ?

ತಮ್ಮಾ, ಹೇಗೆ ಬಿಡಿಸ್ತಿದ್ರು ಅಂತ ಬಿಡಿಸಿ ಹೇಳ್ತೀಯಾ?

ಮೂರನೇ ಬೆಂಚ್:
ಸಾರ್, ಗೊತ್ತಿರೋದು ಹೇಳ್ತೀನಿ.

ನಿಮ್ಮ ದೋಸ್ತನ್ನ ಮಾತ್ರ ಹಿಂದಿನಿಂದ ತಬ್ಬಿ ಹಿಡಿಬಾರದು. ಆ ಕಡೆಯವನು ಫ್ರೀ ಇರ್ತಾನೆ, ಕೈ ಕಟ್ಟಿದವನಿಗೆ ಏಟು ಬೀಳುತ್ತೆ, ಆಮೇಲೆ ನಿಮ್ಮ ಮೇಲೇ ಸಿಟ್ಟು. ಎರಡೂ ಕಡೆಯವರು ಒಟ್ಟಿಗೆ ಹಿಡಿಬೇಕು, ಇಲ್ಲ ಮಧ್ಯೆ ಬೆನ್ನು ಹಾಕಿ ನಿಲ್ಲಬೇಕು. ಯಾರದು ತಪ್ಪು ಅಂತ ಅಲ್ಲಿ ಕೇಳಲೇಬಾರದು, ಕೇಳಿದ್ರೆ ಮತ್ತೆ ಶುರು. ಹೋಗೋಕೆ ಅವನಿಗೊಂದು ನೆಪ ಕೊಡಬೇಕು. "ನಿಮ್ಮಮ್ಮ ಮೂರು ಸಲ ಫೋನ್ ಮಾಡಿದಾರೆ, ಬಾ ಮೊದಲು" ಅಂದ್ರೆ ಎಂಥವನೂ ಬರ್ತಾನೆ, ಹೆದರಿ ಹೋದ ಅಂತ ಯಾರೂ ಅನ್ನಲ್ಲ. ನಾನು ಇದನ್ನೇ ಜಾಸ್ತಿ ಬಳಸೋದು. ಆಮೇಲೆ ಬೈಕ್ ಹತ್ತಿಸ್ಕೊಂಡು ದೂರ, ಮಂಡಕ್ಕಿ ಮಿರ್ಚಿ ತಿನ್ನಿಸಿ, ಫೋನ್ ಇಸ್ಕೊಂಡು ಇಟ್ಕೊಬೇಕು. ಇದು ಮುಖ್ಯ ಸಾರ್, ಆ ರಾತ್ರಿ ಸ್ಟೇಟಸ್ ಹಾಕಿದ್ರೆ ನಾಳೆ ಗ್ಯಾರಂಟಿ. ಗ್ರೂಪಲ್ಲಿ ವಿಡಿಯೋ ಬಿದ್ದಿದ್ರೆ ಅಡ್ಮಿನ್‌ಗೆ ಹೇಳಿ ಡಿಲೀಟ್ ಮಾಡಿಸಬೇಕು.

ರಾತ್ರಿ ಪಾಳಿ ಸಿಸ್ಟರ್:
ಒಂದು ಸೇರಿಸಿ ಪುಟ್ಟಾ. ಚಾಕು ಹೊರಗೆ ಬಂದಿದ್ದರೆ ಮಧ್ಯೆ ಹೋಗಬೇಡಿ, 112ಕ್ಕೆ ಕರೆ ಮಾಡಿ. ಬಿಡಿಸೋಕೆ ಹೋಗಿ ಕೈ ನರ ಕುಯ್ದುಕೊಂಡವರಿಗೂ ಹೊಲಿಗೆ ಹಾಕಿದ್ದೇನೆ. ಚಾಕು ದೇಹದಲ್ಲೇ ಸಿಕ್ಕಿಕೊಂಡಿದ್ದರೆ ಕೀಳಬೇಡಿ, ಹಾಗೇ ಕರ್ಕೊಂಡು ಬನ್ನಿ. ರಕ್ತ ಸೋರುತ್ತಿದ್ದರೆ ಯಾವುದಾದರೂ ಬಟ್ಟೆ ಮಡಚಿ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಪದೇ ಪದೇ ತೆಗೆದು ನೋಡಬೇಡಿ. ಮೇಷ್ಟ್ರೇ, ಈ ಭಾಗ ಕ್ಲಾಸಲ್ಲಿ ಹೇಳೋಕೆ ನಾನೇ ಬರ್ತೀನಿ. ಶಾಲು ಬೇಡ.

ಕೆಟಿಜೆ ನಗರದ ಅಮ್ಮ:
ಅಮ್ಮ ಫೋನ್ ಮಾಡಿದಾರೆ ಅನ್ನೋ ನೆಪ ನನ್ನ ಮಗನ ದೋಸ್ತಿಗಳಿಗೂ ಹೇಳಿಡ್ತೀನಿ. ಸುಳ್ಳಾದರೂ ಪರವಾಗಿಲ್ಲ.

ಹರಿಹರದ ಹೆಡ್‌ಮಾಸ್ಟರ್ (ನಿವೃತ್ತ):
ಇನ್ನೊಂದು ಜಾಗ ಹೇಳುತ್ತೇನೆ, ಬಹಳ ಜನಕ್ಕೆ ಗೊತ್ತಿಲ್ಲ. ಯುವಜನ ಇಲಾಖೆ ಮತ್ತು ನಿಮ್ಹಾನ್ಸ್ ಸೇರಿ ನಡೆಸುವ ಯುವ ಸ್ಪಂದನ ಕೇಂದ್ರಗಳು ಜಿಲ್ಲಾ ಕ್ರೀಡಾಂಗಣಗಳಲ್ಲಿ ಇವೆ. ಸಿಟ್ಟು, ಪ್ರೀತಿ, ಓದು ಯಾವುದರ ಬಗ್ಗೆಯಾದರೂ ಹುಡುಗರು ಹೋಗಿ ಮಾತಾಡಬಹುದು. ಫೋನಲ್ಲೇ ಆಗಬೇಕಾದರೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416, ಮಕ್ಕಳಿಗೆ 1098. ಈ ನಂಬರುಗಳನ್ನ ನೋಟಿಸ್ ಬೋರ್ಡಿಗೆ ಹಾಕಿದರೆ ಯಾರೂ ಬರೆದುಕೊಳ್ಳಲ್ಲ, ಎಲ್ಲರೂ ನೋಡ್ತಿರುತ್ತಾರಲ್ಲ. ಟಾಯ್ಲೆಟ್ ಬಾಗಿಲ ಒಳಗೆ ಅಂಟಿಸಿ. ನಾವು ಹಾಗೇ ಮಾಡಿದ್ದೆವು.

ಪಿಬಿ ರೋಡ್ ರಾಜ:
ಮೇಷ್ಟ್ರೇ, ಕಾಲೇಜಿಗೆ ಬರೋರಿಗೆ ಇದೆಲ್ಲ ಆಯ್ತು. ನನ್ನದು ಗ್ಯಾರೇಜ್. ನನ್ನ ಹತ್ತಿರ ಇರೋ ಹುಡುಗರು ಎಸ್ಸೆಸ್ಸೆಲ್ಸಿ ಫೇಲ್. ರಾತ್ರಿ 9ಕ್ಕೆ ಕೆಲಸ ಬಿಟ್ಟರೆ ಬೀದಿಯಲ್ಲೇ. ನಿಜವಾದ ಗಲಾಟೆ ಅವರದ್ದು. ಅವರಿಗೆ ಯಾವ ಪೀರಿಯಡ್ಡು?

ನಿಟ್ಟುವಳ್ಳಿ ಮೇಷ್ಟ್ರು:
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ರಾಜಣ್ಣ.

ಕೋಟೆನಾಡು ಕೋಚ್:
ಅವರು ಸಿಗೋದು ಟೆನಿಸ್ ಬಾಲ್ ಟೂರ್ನಮೆಂಟಲ್ಲಿ. ರಾತ್ರಿ ಲೈಟ್ ಹಾಕಿ ಆಡಿಸ್ತಾರಲ್ಲ, ಅಲ್ಲೇ ಜಗಳನೂ ಜಾಸ್ತಿ. ಟೂರ್ನಮೆಂಟ್ ಮಾಡೋರು ಎರಡು ರೂಲ್ ಹಾಕಲಿ. ಜಗಳ ಆದರೆ ಯಾರದ್ದೇ ತಪ್ಪಿರಲಿ ಎರಡೂ ಟೀಮ್ ಔಟ್, ಎಂಟ್ರಿ ಫೀ ವಾಪಸ್ ಇಲ್ಲ. ಟಾಸ್ ಹಾಕೋ ಮೊದಲು ಎರಡೂ ಟೀಮಿಂದ ಬಿಡಿಸೋಕೆ ಅಂತ ಒಬ್ಬೊಬ್ಬನ ಹೆಸರು ಬರೆಸಬೇಕು, ಕ್ಯಾಪ್ಟನ್ ಅಲ್ಲ, ಬೇರೆಯವನು. ಟೀಮ್ ಔಟ್ ಆಗುತ್ತೆ ಅಂದ ತಕ್ಷಣ ಸ್ವಂತ ಹುಡುಗರೇ ಹಿಡ್ಕೊಳ್ತಾರೆ. ನ್ಯಾಯ ಅಲ್ಲ ಅಂತ ಬೈತಾರೆ, ಬೈಲಿ.

ಪಿಬಿ ರೋಡ್ ರಾಜ:
ನಮ್ಮ ಏರಿಯಾ ಟೂರ್ನಮೆಂಟ್‌ಗೆ ಪ್ರತಿ ವರ್ಷ ಟ್ರೋಫಿ ಕೊಡಿಸೋದು ನಾನೇ. ರೂಲ್ ಹಾಕಿಸ್ತೀನಿ. ಒಪ್ಪಲಿಲ್ಲ ಅಂದ್ರೆ ಟ್ರೋಫಿ ಇಲ್ಲ.

ಮೂರನೇ ಬೆಂಚ್:
ರಾಜಣ್ಣ ರನ್ನರ್ ಅಪ್‌ಗೂ ಕೊಡ್ಸಿ, ಹೋದ ಸಲ ಅದಕ್ಕೇ ಕಿರಿಕ್ ಆಗಿದ್ದು

ನಿಟ್ಟುವಳ್ಳಿ ಮೇಷ್ಟ್ರು:
ಪ್ರಿನ್ಸಿಪಾಲರ ಹತ್ತಿರ ಮಾತಾಡಿ ಬಂದೆ. ಬುಧವಾರ ಕೊನೆಯ ಪೀರಿಯಡ್ ಕೊಟ್ಟಿದ್ದಾರೆ, ಸದ್ಯಕ್ಕೆ ಈ ಟರ್ಮ್ ಪೂರ್ತಿ. ಬ್ಯಾನರ್ ಇರಲೇಬೇಕಂತೆ, ಮೇಲಿನವರಿಗೆ ಫೋಟೋ ಕಳಿಸಬೇಕಂತೆ, ಹಾಕ್ಕೊಳ್ಳಲಿ. ಮೊದಲ ವಾರ ಕೋಚ್ ಸಾರ್ ಬಾಲ್ ಆಟ, ಎರಡನೇ ವಾರ ಸಿಸ್ಟರ್. ವಕೀಲೆಯವರು ಆ ಜೊತೆಗೆ ಹೋಗಿದ್ದೆ ವಿಷಯವನ್ನ ಒಂದು ಪುಟಕ್ಕೆ ಸರಳ ಕನ್ನಡದಲ್ಲಿ ಬರೆದುಕೊಟ್ಟರೆ ಜೆರಾಕ್ಸ್ ಮಾಡಿಸುತ್ತೇನೆ. ತಮ್ಮಾ, ನೀನೂ ಬರಬೇಕು, ಬಿಡಿಸೋದು ಹೇಗೆ ಅಂತ ನಾನು ಹೇಳಿದರೆ ಯಾರೂ ನಂಬಲ್ಲ.

ಮೂರನೇ ಬೆಂಚ್:
ಬುಧವಾರ ನಮಗೆ ಲ್ಯಾಬ್ ಸಾರ್. 4 ಗಂಟೆ ಮೇಲಾದ್ರೆ ಬರ್ತೀನಿ.